ಬಾಗಿಲಿಗೆಂದು ಬೆಳೆಸಿದ ತೇಗ

ಹೂವಿಗಾಗಿ ಗಿಡ ಬೆಳೆಸುವವರನ್ನು ಜನ ರಸಿಕರು ಎನ್ನುತ್ತಾರೆ. ಹಣ್ಣಿಗಾಗಿ ಬೆಳೆಸುವವರನ್ನು ಸಂಸಾರವಂತರು ಎನ್ನುತ್ತಾರೆ. ನೆರಳಿಗಾಗಿ ಬೆಳೆಸುವವರಂತೂ ಪುಣ್ಯವಂತರು. ಆದರೆ ಮನೆಯ ಹಿತ್ತಲಲ್ಲಿ ಕಟ್ಟಿಗೆಗಾಗಿ ಮರ ಬೆಳೆಸುವವನಿಗೆ ಯಾರೂ ಒಂದು ಒಳ್ಳೆಯ ಹೆಸರು ಇಟ್ಟಿಲ್ಲ. ಇಡದಿರುವುದೇ ಸರಿ. ಅವನು ಬೆಳಿಗ್ಗೆ ಎದ್ದು ಗಿಡಕ್ಕೆ ನೀರು ಹಾಕುತ್ತಾನೆ, ಮೈದಡವುತ್ತಾನೆ, ಹೊಸ ಚಿಗುರು ಬಂದರೆ ಹೆಂಡತಿಯನ್ನು ಕೂಗಿ ಕರೆದು ತೋರಿಸುತ್ತಾನೆ. ಇಷ್ಟೆಲ್ಲ ಮಾಡುತ್ತಲೇ ಎಲ್ಲಿ ಕೊಯ್ದರೆ ಎಷ್ಟು ಹಲಗೆ ಬಂದೀತು ಎಂದು ಒಳಗೊಳಗೇ ಅಳೆಯುತ್ತಿರುತ್ತಾನೆ. ಹಬ್ಬಕ್ಕೆಂದು ಕುರಿ ಸಾಕುವವನಿಗೂ ಇವನಿಗೂ ಇರುವ ವ್ಯತ್ಯಾಸ ಇಷ್ಟೇ: ಕುರಿ ಸಾಕಿದವನಿಗೆ ಹಬ್ಬ ಯಾವಾಗ ಎಂಬುದು ಗೊತ್ತಿರುತ್ತದೆ. ಹದಿನೆಂಟು ವರ್ಷ ನಾನು ಇಂಥ ಮನುಷ್ಯನಾಗಿದ್ದೆ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲವೆಂದೇ ತಿಳಿದಿದ್ದೆ. ನಾಚಿಕೆಯ ಭಾಗ ಮುಂದಿದೆ. ಅದನ್ನು ಹೇಳಲು ಧೈರ್ಯ ಸಾಲದೆ ಹೀಗೆ ಹೂವು ಹಣ್ಣು ಕುರಿ ಎಂದು ಸುತ್ತುತ್ತಿದ್ದೇನೆ.

ಎಲ್ಲದಕ್ಕೂ ಮೂಲ ನಮ್ಮ ಮನೆಯ ಮುಂಬಾಗಿಲು. ರಾಯಚೂರು ಕಡೆಯವನಾದ ನಾನು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಹೈದರಾಬಾದಿಗೆ ಬಂದು, ಮಿಯಾಪುರದ ಆಚೆ ಒಂದು ಕಾಲೊನಿಯಲ್ಲಿ ಮನೆ ಕಟ್ಟಿಸಿದೆ. ತಳಪಾಯ, ಗೋಡೆ, ಚಾವಣಿ ಎಲ್ಲ ಮುಗಿದು ಕೈ ಬರಿದಾದದ್ದು ಸರಿಯಾಗಿ ಮುಂಬಾಗಿಲ ಹತ್ತಿರ. ಹಾಗಾಗಿ ಪ್ಲೈವುಡ್ಡಿನ ಬಾಗಿಲು ಬಂತು. ಮಳೆಗಾಲ ಬಂದರೆ ಅದು ಉಬ್ಬುತ್ತದೆ. ಉಬ್ಬಿದಾಗ ನಮ್ಮ ಮನೆಗೆ ಬರುವವರು ಭುಜ ಕೊಟ್ಟು ನೂಕಿಯೇ ಒಳಗೆ ಬರಬೇಕು. ಒಂದು ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆಗೆ ಬಂದ ನಮ್ಮ ಮೇಲಧಿಕಾರಿಗಳು ಬಾಗಿಲು ನೂಕಿದ ರಭಸಕ್ಕೆ ನೆಟ್ಟಗೆ ಮಂಟಪದ ಬಾಳೆಕಂಬದವರೆಗೆ ಬಂದು, ಕಂಬ ಹಿಡಿದು ನಿಂತರು. "ಸಾಹೇಬ್ರಿಗೆ ಭಾಳ ಭಕ್ತಿ ಐತ್ರಿ," ಎಂದಳು ನನ್ನ ಹೆಂಡತಿ ಸುಮಂಗಲಾ. ಅವರು ನಕ್ಕರು. ನಾನು ನಗಲಿಲ್ಲ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ತಪಾಸಣೆ. ಬೇರೆಯವರು ಮಾಡಿದ ಭಾಗ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಹಿಂದಕ್ಕೆ ಕಳಿಸುವವನು ನಾನು. ಅಂಥವನ ಮನೆಯ ಬಾಗಿಲೇ ಚೌಕಟ್ಟಿಗೆ ಕೂಡುವುದಿಲ್ಲವೆಂದರೆ!

ಆ ವರ್ಷ ಕಾರ್ಖಾನೆಯಲ್ಲಿ ವನಮಹೋತ್ಸವಕ್ಕೆ ಸಸಿ ಹಂಚಿದರು. ಎಲ್ಲರೂ ನಿಂಬೆ, ಪೇರಲ, ನುಗ್ಗೆ ಎಂದು ಕಿತ್ತಾಡುತ್ತಿದ್ದರೆ ನಾನು ಯಾರೂ ಮುಟ್ಟದೆ ಉಳಿದಿದ್ದ ತೇಗದ ಸಸಿ ಎತ್ತಿಕೊಂಡು ಬಂದೆ. ಹಿತ್ತಲ ಮೂಲೆಯಲ್ಲಿ, ಪಕ್ಕದ ಮನೆಯ ಗೋಡೆಗೆ ಮೂರೇ ಅಡಿ ಬಿಟ್ಟು ಗುಂಡಿ ತೋಡುತ್ತಿದ್ದಾಗ ಸುಮಂಗಲಾ ಬಂದು ಕೇಳಿದಳು:

"ಏನ್ ಹಚ್ಚಾಕತ್ತೀರಿ?"

"ಬಾಗಿಲಾ."

"ಎಷ್ಟು ದಿನಕ್ಕ ಬರ್ತೈತ್ರಿ?"

"ಇಪ್ಪತ್ತು ವರ್ಷ."

"ಅಲ್ಲೀತನಕ ಭುಜಾ ಕೊಡೂದು ನಾವ ಏನು?" ಎಂದು ಮುಂಬಾಗಿಲಿಗೆ ಸುತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಭುಜ ಕೊಟ್ಟೇ ಹೋದಳು.

ಮರವೇನೋ ಬೆಳೆಯಿತು. ಪ್ರತಿ ಯುಗಾದಿಗೆ ಅವಳ ಹೊಲಿಗೆ ಪೆಟ್ಟಿಗೆಯ ಟೇಪು ತಂದು ಕಾಂಡದ ಸುತ್ತಳತೆ ತೆಗೆಯುತ್ತಿದ್ದೆ. ರವಿಕೆಯ ಅಳತೆಗೆ ಟೇಪು ಬೇಕೆಂದು ಅವಳು, ಬಾಗಿಲಿನ ಅಳತೆಗೆ ಬೇಕೆಂದು ನಾನು, ಹಬ್ಬದ ದಿನವೇ ಒಂದಿಷ್ಟು ಬೇವು ನಮ್ಮಲ್ಲಿ ಹೆಚ್ಚಾಗುತ್ತಿತ್ತು. ಮರದ ಬಗ್ಗೆ ನಿಜವಾದ ದೂರು ಇದ್ದದ್ದು ಪಕ್ಕದ ನರ್ಸಿಂಗರಾವ್ ಅವರಿಗೆ. ಸಿಕಂದರಾಬಾದಿನಲ್ಲಿ ರೈಲ್ವೆ ಕೆಲಸದಿಂದ ನಿವೃತ್ತರಾದ, ಮಿತಭಾಷಿ ಮನುಷ್ಯ. ತೇಗದ ಎಲೆ ಊಟದ ತಟ್ಟೆಯಷ್ಟು ಅಗಲ. ಬೇಸಿಗೆಗೆ ಮೊದಲು ಅವೆಲ್ಲ ಅವರ ಅಂಗಳಕ್ಕೆ ಬೀಳುತ್ತಿದ್ದವು. ಅವರು ಬೈಯುತ್ತಿರಲಿಲ್ಲ. ಬಿದ್ದ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಕಲ್ಲಿನ ತೂಕ ಇಟ್ಟು, ಗೋಡೆಯ ಮೇಲಿಟ್ಟು, "ಪಾಟೀಲ್ ಗಾರೂ, ಮೀ ಸಾಮಾನು" ಎಂದು ಕರೆಯುತ್ತಿದ್ದರು. ನಿಮ್ಮ ಸಾಮಾನು ನೀವು ತಗೊಳ್ಳಿ ಎಂದು. ಅವರ ಹೆಂಡತಿ ಕೌಸಲ್ಯಮ್ಮ ಮಾತ್ರ ನಮ್ಮ ಪಾಲಿಗೆ ಅನ್ನಪೂರ್ಣೆ. ಪ್ರತಿ ಬೇಸಿಗೆಗೆ ಅದೇ ಗೋಡೆಯ ಮೇಲಿಂದ ಒಂದು ಭರಣಿ ಆವಕಾಯಿ ಬರುತ್ತಿತ್ತು. ಉಪ್ಪಿನಕಾಯಿಗೆ ಖಾರದ ಪುಡಿ ಅಂಗಡಿಯಿಂದ ತರುವವರಲ್ಲ ಅವರು. ಮೆಣಸಿನಕಾಯಿ ಮನೆಯಲ್ಲೇ ಒಣಗಬೇಕು, ಮನೆಯಲ್ಲೇ ಕುಟ್ಟಬೇಕು.

ಹದಿನೆಂಟನೆಯ ವರ್ಷಕ್ಕೆ ಆ ಗೋಡೆ ಬಿರುಕು ಬಿಟ್ಟಿತು. ನರ್ಸಿಂಗರಾವ್ ಬಿರುಕಿನಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದರು. ಇನ್ನೆರಡು ವರ್ಷ ತಡೆಯಿರಿ, ಬಾಗಿಲು ಬಲಿಯುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ? ತೇಗ ಕಡಿಯುವುದಕ್ಕೆ ಸರ್ಕಾರದ ಅನುಮತಿ ಬೇಕು. ಅರ್ಜಿ ಕೊಟ್ಟೆ. ಕಾಗದ ಬರುವಷ್ಟರಲ್ಲಿ ಒಂದು ಮಳೆಗಾಲ ಹೋಗಿ ಚಳಿಗಾಲವೂ ಮುಗಿದಿತ್ತು. ನಾವು ಯಾದಯ್ಯನನ್ನು ಕರೆಸಿದೆವು.

ಯಾದಯ್ಯ ನಾರಾಯಣಪೇಟೆ ಕಡೆಯವನು. ಗಡಿಯ ಊರಾದ್ದರಿಂದ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ನಮ್ಮ ಕಾಲೊನಿಯಲ್ಲಿ ತೆಂಗಿನ ಗರಿ ಇಳಿಸುವುದಿರಲಿ, ವಿದ್ಯುತ್ ತಂತಿಗೆ ತಾಗಿದ ಕೊಂಬೆ ಕಡಿಯುವುದಿರಲಿ, ಎಲ್ಲರೂ ಫೋನು ಮಾಡುತ್ತಿದ್ದದ್ದು ಅವನಿಗೇ. ಕೆಲಸಕ್ಕೆ ಮೊದಲು ಅವನು ಹಗ್ಗವನ್ನು ನೆಲದ ಮೇಲೆ ಸುರಿದುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳುಗಳ ನಡುವೆ ಹಾಯಿಸಿ ನೋಡುತ್ತಿದ್ದ. ಒಂದು ಎಳೆ ಸಡಿಲವಿದ್ದರೂ ಅಲ್ಲಿ ಬೆರಳು ನಿಲ್ಲುತ್ತಿತ್ತು. ಅದನ್ನು ನೋಡಿ, ನಮ್ಮ ಕಾರ್ಖಾನೆಯಲ್ಲಿ ಇಂಥವನೊಬ್ಬ ಇದ್ದಿದ್ದರೆ ನನ್ನ ಕೆಲಸ ಹೋಗುತ್ತಿತ್ತು ಎಂದುಕೊಂಡಿದ್ದೆ.

"ಮ್ಯಾಲಿಂದ ತುಂಡು ತುಂಡು ಮಾಡಿ ಇಳಸ್ತೀನಿ ಸಾರ್," ಎಂದ ಅವನು. "ಯಾರಿಗೂ ತ್ರಾಸಿಲ್ಲ."

"ತುಂಡು ಬ್ಯಾಡ. ಬಾಗಿಲಕ್ಕ ಉದ್ದನ್ನ ದಿಮ್ಮಿ ಬೇಕು. ಇಡೀದ ಬೀಳ್ಲಿ."

"ಮರ ಆ ಅಮ್ಮೋರ ಮನಿ ಕಡಿ ವಾಲೈತಿ ಸಾರ್. ಇಡೀ ಕೆಡವಬೇಕಂದ್ರ ಹಗ್ಗ ಕಟ್ಟಿ ಹಿಂದಿನ ಖಾಲಿ ಪ್ಲಾಟಿಗೆ ಜಗ್ಗಬೇಕು. ಹಗ್ಗ ಹಿಡಿಯಾಕ ನನ್ನ ತಮ್ಮನ್ನ ಕರಕೊಂಡು ಬರ್ತೀನಿ."

"ತಮ್ಮ ಯಾಕ? ನಾ ಇಲ್ಲೇನು? ನನ್ನ ಮರ, ನಾನ ಹಿಡೀತೀನಿ."

ಯಾದಯ್ಯ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಹಗ್ಗ ನೋಡುವ ಹಾಗೆಯೇ. ಎಲ್ಲೋ ಒಂದು ಎಳೆ ಸಡಿಲ ಕಂಡಿರಬೇಕು, ಆದರೆ ಸಾರ್ ಅಂದಮೇಲೆ ಏನು ಮಾಡುತ್ತಾನೆ? ಒಪ್ಪಿಕೊಂಡ. ನಾಳೆ ಬಾಗಿಲು ನಿಂತಾಗ, ಬಂದವರಿಗೆಲ್ಲ "ನೆಟ್ಟದ್ದೂ ನಾನೇ, ಕೆಡವಿದ್ದೂ ನಾನೇ" ಎಂದು ಹೇಳಬೇಕೆಂಬುದು ನನ್ನ ಆಸೆ. ಬೇರೇನೂ ಕಾರಣವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಬಂದ. ಮರ ಹತ್ತಿ ಅಕ್ಕಪಕ್ಕದ ಕೊಂಬೆ ಇಳಿಸಿ, ತಲೆಯ ಕೊಂಬೆಗಳನ್ನಷ್ಟೇ ಬಿಟ್ಟು, ಎತ್ತರದಲ್ಲಿ ಹಗ್ಗ ಬಿಗಿದ. ಇನ್ನೊಂದು ತುದಿಯನ್ನು ಹಿಂದಿನ ಖಾಲಿ ಪ್ಲಾಟಿನ ಬೇವಿನ ಮರಕ್ಕೆ ಒಯ್ದು, ಜಗ್ಗಿ, ಬೇವಿಗೆ ಎರಡು ಸುತ್ತು ಸುತ್ತಿ, ಉಳಿದ ತುದಿಯನ್ನು ನನ್ನ ಕೈಗೆ ಕೊಟ್ಟ. ನಾನು ಭೌತಶಾಸ್ತ್ರ ಓದಿದವನು. ಹೇಳದೆ ಇರಲಾಗಲಿಲ್ಲ. "ನೋಡು ಯಾದಯ್ಯ, ಎರಡು ಸುತ್ತು ಇದ್ದಾಗ ತಿಕ್ಕಾಟದ ಬಲ ಎಷ್ಟಿರ್ತೈತಿ ಅಂದ್ರ, ಆ ಕಡೆ ಆನೆ ಜಗ್ಗಿದರೂ ಈ ಕಡೆ ಒಂದು ಕೂಸು ಹಿಡಿದರ ಸಾಕು."

ಅವನೇ ಸುತ್ತಿದ ಸುತ್ತಿನ ಮಹಿಮೆಯನ್ನು ಅವನಿಗೇ ಹೇಳಿದೆ. ಅವನು ಶಾಂತವಾಗಿ ಕೇಳಿಸಿಕೊಂಡ.

"ಹೂಂ ಸಾರ್. ಆದರ ಕೂಸು ಬಿಡಬಾರದು. ನಾ ಅನ್ನೂತನಕ ಬಿಡಬಾರದು."

ಆಮೇಲೆ ಪಕ್ಕದ ಮನೆಗೆ ಹೋಗಿ, ಮರ ಬೀಳುವವರೆಗೆ ಅಂಗಳಕ್ಕೆ ಬರಬೇಡಿ ಎಂದು ನರ್ಸಿಂಗರಾವ್ ದಂಪತಿಗೆ ಹೇಳಿ ಬಂದ. ಸುಮಂಗಲಾ ಮರಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದಳು. "ನಿನ್ನ ಆಸರಿಯೊಳಗ ಇದ್ದವರೆಲ್ಲ ಬ್ಯಾರೆ ಕಡೆ ಹೋಗ್ರಪಾ," ಎಂದು ಮರದಲ್ಲಿದ್ದ ಹಕ್ಕಿ ಹುಳಕ್ಕೆಲ್ಲ ನೋಟೀಸು ಕೊಟ್ಟಳು. "ನಮ್ಮ ತಪ್ಪ ಹೊಟ್ಟ್ಯಾಗ ಹಾಕ್ಕೊ ತಾಯಿ," ಎಂದು ಮರವನ್ನು ಬೇಡಿದಳು. ನಮ್ಮ ಕಡೆ ರೂಢಿ ಹೀಗೆ. ಮರ ಬೀಳುವ ಹೊತ್ತಿಗೆ ನೆಟ್ಟವನು ಅದಕ್ಕೆ ಕೈ ಮುಗಿಯಬೇಕು ಎನ್ನುವುದೂ ರೂಢಿಯೇ. ಅವಳು ದೂರದಿಂದ ಅದನ್ನೂ ನೆನಪಿಸಿದಳು: "ಮರ ಹೊಂಟಾಗ ಕೈ ಮುಗೀರಿ, ಮರೀಬ್ಯಾಡ್ರಿ!" ನಾನು ನಕ್ಕೆ. ಇಂಥ ನಂಬಿಕೆಗಳ ವಿಷಯದಲ್ಲಿ ನಾನು ಯಾವಾಗಲೂ ಒಂದಿಷ್ಟು ದೂರದಿಂದ ನಗುವವನು.

ಯಂತ್ರದ ಗರಗಸ ಸದ್ದು ಮಾಡಿತು. ನನ್ನ ಕೈಯಲ್ಲಿದ್ದ ಹಗ್ಗದ ತುದಿಗೆ ಭಾರವೇ ಇರಲಿಲ್ಲ. ಹಾಲಿನ ಚೀಲ ಹಿಡಿದಷ್ಟು. ಗರಗಸ ನಿಂತಿತು. ಯಾದಯ್ಯ ಹಿಂದೆ ಸರಿದ. ಆಗ ಬುಡದಿಂದ 'ಕಟ್' ಎಂದು ಒಂದು ಶಬ್ದ ಬಂತು. ದೊಡ್ಡದಲ್ಲ, ಬೆರಳು ನಟಿಕೆ ಮುರಿದಷ್ಟೇ. ಮರದ ತಲೆ ಸಣ್ಣಗೆ ಅಲುಗಿತು. ಯಾವ ಕಡೆ ಹೋಗುವುದೆಂದು ಅದು ಇನ್ನೂ ನಿರ್ಧರಿಸಿರಲಿಲ್ಲ. ಹದಿನೆಂಟು ವರ್ಷ ನೀರು ಹಾಕಿದ ಮರ ಹೊರಟಿತು ಎಂದು ನನ್ನ ಎದೆಯಲ್ಲಿ ಏನೋ ಕಿತ್ತುಬಂದಂತಾಯಿತು. ನಾನು ಕೈ ಮುಗಿದೆ.

ಎರಡೂ ಕೈ. ಭಕ್ತಿಯಿಂದ. ಹಗ್ಗ ಹಿಡಿದಿದ್ದ ಎರಡೂ ಕೈ.

ಮುಂದಿನದು ಮೂರು ಸೆಕೆಂಡೂ ಇರಲಾರದು. ಆದರೆ ಅದನ್ನು ನಾನು ಈ ತನಕ ಎಷ್ಟು ಸಲ ನೋಡಿದ್ದೇನೆಂದರೆ, ಈಗ ಅದೊಂದು ಗಂಟೆಯಷ್ಟು ಉದ್ದವಾಗಿದೆ. ಬೇವಿನ ಸುತ್ತಿನಿಂದ ಹಗ್ಗ ಹಾವಿನಂತೆ ಬಿಚ್ಚಿಕೊಂಡು ಹೋಯಿತು. ಮರ ತನ್ನ ಇಷ್ಟದ ಕಡೆಗೆ, ಗೋಡೆಯ ಆಚೆಗೆ ತಿರುಗಿತು. ಗೋಡೆಯ ಆಚೆ, ಕೆಂಪು ಮೆಣಸಿನಕಾಯಿ ಹರವಿದ್ದ ಚಾಪೆಯ ನಡುವೆ ಕೌಸಲ್ಯಮ್ಮ ಬಗ್ಗಿ ನಿಂತಿದ್ದರು. ಯಾದಯ್ಯ ಹೇಳಿದ ಮಾತು ಕೇಳಿ ಒಂದು ಗಂಟೆ ಹೊತ್ತು ಒಳಗೇ ಇದ್ದವರು, ಗರಗಸದ ಸದ್ದು ನಿಂತಿತಲ್ಲ, ಮುಗಿದಿರಬೇಕು ಎಂದುಕೊಂಡು, ಕಾಯಿ ಮಗುಚಲು ಬಂದಿದ್ದರು. ನಾನು ಅವರನ್ನು ನೋಡಿದೆ. ಕೂಗಲಿಲ್ಲ. ಮುಗಿದ ಕೈ ಮುಗಿದಂತೆಯೇ ಇತ್ತು. ಕೂಗಿದವನು ಯಾದಯ್ಯ: "ಅಮ್ಮಾ! ಗೋಡಕು!" ಗೋಡೆಗೆ ಅಂಟಿಕೊಳ್ಳಿ ಎಂದು. ಆ ಹೆಣ್ಣುಮಗಳು ಒಂದೇ ನೆಗೆತಕ್ಕೆ ಬಂದು ಗೋಡೆಗೆ ಬೆನ್ನು ಹಚ್ಚಿದರು. ಗೋಡೆಯ ಮೇಲಿಂದ ಹಾಯ್ದ ಕಾಂಡ ಅವರ ಪಕ್ಕದಲ್ಲೇ ಅಂಗಳಕ್ಕೆ ಇಳಿಯಿತು. ಅವರ ಭುಜಕ್ಕೂ ಕಾಂಡಕ್ಕೂ ನಡುವೆ ಒಂದು ಗೇಣು ಇತ್ತು. ಆಮೇಲೆ ನಾನೇ ಅಳೆದು ನೋಡಿದ್ದೇನೆ. ಅಳೆಯುವುದು ನನ್ನ ಕೆಲಸ ತಾನೇ.

ಕೊಂಬೆಗಳು ಚಾಪೆಯ ಮೇಲೆ ಅಪ್ಪಳಿಸಿದ್ದಕ್ಕೆ ವರ್ಷದ ಮೆಣಸಿನಕಾಯಿ ಪುಡಿಯಾಗಿ ಗಾಳಿಗೆದ್ದಿತು. ಓಡಿ ಬಂದವರೆಲ್ಲ ಕೆಮ್ಮಿದರು, ಸೀನಿದರು, ಅತ್ತರು. ನಾನೂ ಅತ್ತೆ. ಕಣ್ಣೀರು ಸುರಿಯುತ್ತಿದ್ದ ನನ್ನನ್ನು ನೋಡಿ ಯಾರೋ, "ಪಾಟೀಲ್ ಸಾರ್ ಎಂಥ ಮೃದು ಮನುಷ್ಯ" ಎಂದದ್ದು ಕೇಳಿಸಿತು.

ನರ್ಸಿಂಗರಾವ್ ಹೆಂಡತಿಯನ್ನು ಹಿಡಿದುಕೊಂಡು, ನನ್ನನ್ನು ಕೇಳಿದರು: "ಏಮಯಿಂದಿ?" ಏನಾಯಿತು?

"ತಾಡು ಜಾರಿಂದಿ," ಎಂದೆ. ಹಗ್ಗ ಜಾರಿತು ಎಂದು. ಅಷ್ಟು ವರ್ಷ ಈ ಊರಲ್ಲಿದ್ದು ನಾನು ತಡವರಿಸದೆ ಆಡಿದ ಮೊದಲ ತೆಲುಗು ವಾಕ್ಯ ಅದು.

ನರ್ಸಿಂಗರಾವ್ ಯಾದಯ್ಯನ ಕಡೆ ತಿರುಗಿದರು. ಮಿತಭಾಷಿಯಾದ ಆ ಮನುಷ್ಯ ಅವತ್ತು ಎಷ್ಟು ಮಾತಾಡಿದರೆಂದರೆ, ಮೂವತ್ತು ವರ್ಷದ ಉಳಿತಾಯವೆಲ್ಲ ಖರ್ಚಾಗಿರಬೇಕು. ಎಂಥ ಗಂಟು ಹಾಕಿದೆ, ಎಂಥ ಹಗ್ಗ ತಂದೆ, ಮನುಷ್ಯರ ಜೀವ ಅಂದರೆ ನಿನಗೆ ಆಟವೇ? ಯಾದಯ್ಯ ನನ್ನ ಕಡೆ ನೋಡಿದ. ಬುಡದ ಹತ್ತಿರವಿದ್ದ ಅವನಿಗೆ ಬೇವಿನ ಮರವೂ ಕಾಣುತ್ತಿತ್ತು, ನಾನೂ ಕಾಣುತ್ತಿದ್ದೆ. ಎಲ್ಲವನ್ನೂ ಕಂಡಿದ್ದ. ನಾನು ಬಹಳ ಆಸಕ್ತಿಯಿಂದ ಮೆಣಸಿನಕಾಯಿ ನೋಡುತ್ತಿದ್ದೆ. ಅವನು ತಿರುಗಿ ಕೆಲಸಕ್ಕಿಳಿದ. ದಿಮ್ಮಿ ಕೊಯ್ದು, ಕೊಂಬೆ ಸರಿಸಿ, ಆ ಅಂಗಳವನ್ನು ಗುಡಿಸಿ, ಕೊನೆಗೆ ಹಗ್ಗ ನೆಲಕ್ಕೆ ಸುರಿದುಕೊಂಡು ಈ ತುದಿಯಿಂದ ಆ ತುದಿಯವರೆಗೆ ಬೆರಳು ಹಾಯಿಸಿದ. ಎಲ್ಲೂ ಬೆರಳು ನಿಲ್ಲಲಿಲ್ಲ. ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದ. ಸುಮಂಗಲಾ ಕೊಟ್ಟ ಚಹಾ ಹಾಗೇ ಉಳಿದಿತ್ತು.

ಊಟಕ್ಕೆ ಕುಳಿತಾಗ ಅವಳು, "ಕೈ ತೋರಸ್ರಿ," ಎಂದಳು. ತೋರಿಸಿದೆ. ಅಂಗೈ ತಿರುವಿ ನೋಡಿದಳು.

"ಬಾವಿಗೆ ಕೊಡ ಬಿಟ್ಟು ಬೆಳೆದಾಕಿ ನಾನು. ಕೈಯಾಗಿನ ಹಗ್ಗ ಜಾರಿದ್ರ ಅಂಗೈ ಸುಲೀತೈತಿ. ನಿಮ್ಮದು ನೋಡಿದ್ರ ಹೂವಿನಂಗ ಐತಿ."

ನಾನು ಅನ್ನ ಕಲಸಿದೆ.

"ನಾ ಕಣ್ಣು ಮುಚ್ಚಿ ಕೈ ಮುಗಿದಿದ್ದೆ, ನೋಡ್ಲಿಲ್ಲ. ನೀವು ಏನ್ ಮಾಡಿದ್ರಿ?"

"ಕೈ ಮುಗಿದೆ," ಎಂದೆ. "ನೀನ ಹೇಳಿದ್ದಿ."

ಅವಳು ಸಾರಿನ ಸೌಟು ಎತ್ತಿದಳು. "ಮೂವತ್ತು ವರ್ಷದಾಗ ನಾ ಹೇಳಿದ್ದು ಇದೊಂದ ಕೇಳಿದ್ರಿ," ಎಂದು ಸಾರು ಬಡಿಸಿದಳು. ಆಮೇಲೆ ಎದ್ದು ಹೋಗುವಾಗ, "ಯಾದಯ್ಯಗ ಹೋಗಿ ತಪ್ಪಾತು ಅನ್ರಿ. ಎಲ್ಲಾರಿಗೂ ಖರೇ ಹೇಳ್ರಿ," ಎಂದಳು. ಅದನ್ನು ಮಾತ್ರ ನಾನು ಕೇಳಲಿಲ್ಲ.

ನಾಲ್ಕು ದಿನ ಕಳೆದರೆ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಅದರ ಬದಲು ನನ್ನ ಮೂರು ಸೆಕೆಂಡು ದಿನವೂ ಹೊಸದಾಗಿ ಶುರುವಾಗುತ್ತಿತ್ತು. ಕಾರ್ಖಾನೆಯಲ್ಲಿ ಯಾರಾದರೂ ನಟಿಕೆ ಮುರಿದರೆ ಸಾಕು, ಗೋಡೆಯಾಚೆ ಬಗ್ಗಿದ ಬೆನ್ನು ಕಾಣುತ್ತಿತ್ತು. ಮೆಟ್ರೋ ರೈಲಿನಲ್ಲಿ ಕಂಬ ಹಿಡಿದರೆ ಬಿಡಲು ಬೆರಳು ಒಪ್ಪುತ್ತಿರಲಿಲ್ಲ. ಮಿಯಾಪುರ ಕೊನೆಯ ನಿಲ್ದಾಣವಾದ್ದರಿಂದ ಬಚಾವು. ಗಾಡಿ ಖಾಲಿಯಾದ ಮೇಲೆ ಕಸ ಗುಡಿಸುವವರು ಬಂದು, "ಅಂಕಲ್, ಉತರೋ," ಇಳಿಯಿರಿ ಎನ್ನುವವರೆಗೆ ಹಿಡಿದು ನಿಂತಿರುತ್ತಿದ್ದೆ. ಹಿಡಿಯಬೇಕಾದಾಗ ಹಿಡಿಯದವನು ಹೀಗೆ ಬೇಡವಾದ ಕಂಬಗಳನ್ನೆಲ್ಲ ಹಿಡಿದುಕೊಂಡು ಓಡಾಡಿದೆ.

ಅಷ್ಟರಲ್ಲಿ ದಿಮ್ಮಿ ನೋಡಲು ಬಡಗಿ ಬಂದರು. ಹೈದರಾಬಾದಿನ ಹಳೆಯ ಪೇಟೆಯ ಅನುಭವಸ್ಥ ಸಾಹೇಬರು. ಕೊಯ್ದ ಬಾಯಿ ಒರೆಸಿ ನೋಡಿದರು, ಬೆರಳಿಂದ ಬಡಿದರು. ನಡುವೆ ಕಂದು ಬಣ್ಣದ ಚೇಗು, ಬಲಿತ ಗಟ್ಟಿ ತಿರುಳು, ಒಂದು ಬಟ್ಟಲಗಲ. ಸುತ್ತ ಎಲ್ಲ ಬಿಳಿ. ಗಟ್ಟಿಯಾಗಲು ಪುರಸತ್ತು ಕೊಡದೆ ದಿನಾ ನೀರು ಕುಡಿಸಿ ಉಬ್ಬಿಸಿದ್ದೀರಿ ಎಂದರು. "ಸಾಬ್, ಇಸ್ಮೆ ದರ್ವಾಜಾ ನೈ ನಿಕಲ್ತಾ. ಖಿಡ್ಕೀ ಭೀ ನೈ." ಇದರಲ್ಲಿ ಬಾಗಿಲು ಹೊರಡುವುದಿಲ್ಲ, ಕಿಟಕಿಯೂ ಇಲ್ಲ ಎಂದು. ಹಾಗಾದರೆ ಏನು ಹೊರಡುತ್ತದೆ ಎಂದೆ. ಕೂತು ಉಣ್ಣುವುದಕ್ಕೆ ಎರಡು ಮಣೆ ಆದೀತು ಎಂದರು. ಎರಡು ಮಣೆಗೆ ಉದ್ದನೆಯ ದಿಮ್ಮಿ ಬೇಕಿರಲಿಲ್ಲ. ಯಾದಯ್ಯ ಹೇಳಿದಂತೆ ತುಂಡು ತುಂಡಾಗಿ ಇಳಿಸಿದ್ದರೂ ಸಾಕಾಗುತ್ತಿತ್ತು. ಎರಡು ಮಣೆಗಾಗಿ ಆ ತಾಯಿಯ ಜೀವವನ್ನು ಒಂದು ಗೇಣಿನವರೆಗೆ ತಂದು ನಿಲ್ಲಿಸಿದ್ದೆ. ಮಣೆ ಬೇಡವೆಂದೆ. ದಿಮ್ಮಿ ಹಿತ್ತಲಲ್ಲೇ ಬಿದ್ದಿತು.

ಇನ್ನೊಂದು ಭಾನುವಾರ ತರಕಾರಿಗೆ ಹೋಗಿದ್ದೆ. ಮಿಯಾಪುರದ ರಸ್ತೆ ಕೂಡುವಲ್ಲಿ ಬೆಳಿಗ್ಗೆ ಕೂಲಿಯವರು ನಿಲ್ಲುವ ಅಡ್ಡಾ ಇದೆ. ಬಣ್ಣದವರು ಕುಂಚ ಹಿಡಿದು, ಗಾರೆಯವರು ಕರಣೆ ಹಿಡಿದು, ಕೆಲಸ ಕಣ್ಣಿಗೆ ಕಾಣುವಂತೆ ನಿಂತಿರುತ್ತಾರೆ. ಅವರ ನಡುವೆ ಒಬ್ಬನ ಹೆಗಲ ಮೇಲೆ ಹಗ್ಗದ ಸುರುಳಿ ಇತ್ತು. ನಾನು ಯಾದಯ್ಯನನ್ನು ಅಡ್ಡಾದಲ್ಲಿ ಎಂದೂ ಕಂಡಿರಲಿಲ್ಲ. ಗುರುತಾದವರ ಫೋನಿನ ಮೇಲೆ ನಡೆಯುತ್ತಿದ್ದ ಮನುಷ್ಯ ಅವನು. ಮರ ಕಡಿಯುವವನನ್ನು ಹುಡುಕಿಕೊಂಡು ಅಡ್ಡಾಕ್ಕೆ ಯಾರು ಬರುತ್ತಾರೆ? ತಪ್ಪಿಸಿಕೊಂಡು ಹೋಗಲು ಒಂದು ಹೆಜ್ಜೆ ತಿರುಗಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಅವನೇ ಕರೆದ: "ನಮಸ್ತೆ ಸಾರ್. ಬಾಗಿಲಾ ಆತೇನ್ರಿ?"

ವ್ಯಂಗ್ಯವಿರಲಿಲ್ಲ. ಅದೇ ಕಷ್ಟವಾದದ್ದು.

"ಇಲ್ಲಿ ಯಾಕ ನಿಂತೀ?"

"ಕಾಲೊನಿಯಾಗ ಬಿಡಂಗಿಲ್ಲ ಸಾರ್. ಗೇಟಿನ್ಯಾಗ ನನ್ನ ಹೆಸರು ಬರದಾರ. ಫೋನೂ ಬರಂಗಿಲ್ಲ."

"ಅವತ್ತ ನೀ ಯಾಕ ಖರೇ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಸಾರ್? ಸಾರ್ ಹಗ್ಗ ಬಿಟ್ಟು ಕೈ ಮುಗುದ್ರು ಅಂತ ಹೇಳ್ಲೇನು? ತನ್ನ ತಪ್ಪ ಮುಚ್ಚಾಕ ಇವ ದೇವರ ಮ್ಯಾಲ ಹಾಕ್ತಾನ ಅಂತಿದ್ರು."

"ನಾ ಇವತ್ತ ಹೋಗಿ ರಾವ್ ಅವರಿಗೆ ಹೇಳ್ತೀನಿ."

"ಅವರಿಗಿ ಹೇಳಿದ್ರ ಅವರ ಮನಸು ಹಗುರಾಕ್ಕೈತಿ, ನಿಮ್ಮ ಮನಸೂ ಹಗುರಾಕ್ಕೈತಿ. ನನಗೇನ್ ಬಂತು? ಗೇಟಿಗಿ ಹೇಳ್ರಿ ಸಾರ್."

ಆದರೂ ನಾನು ಮೊದಲು ಹೋದದ್ದು ನರ್ಸಿಂಗರಾವ್ ಮನೆಗೇ. ತಪ್ಪೊಪ್ಪಿಗೆಗೂ ಒಂದು ಅಂತಸ್ತು ಬೇಕು ನೋಡಿ. ಸೋಫಾದ ಮೇಲೆ ಕೂತು, ಹಗ್ಗ ಜಾರಲಿಲ್ಲ, ನಾನೇ ಬಿಟ್ಟೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಡವನೊಬ್ಬನ ಅನ್ನ ಉಳಿಸುವುದಕ್ಕೆ ತಪ್ಪು ತಮ್ಮ ಮೇಲೆ ಹಾಕಿಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಪಾಟೀಲ್ ಗಾರೂ ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಗಾಬರಿಯಾಯಿತು. ಇಲ್ಲ, ನಿಜವಾಗಿಯೂ ನಾನೇ ಎಂದೆ. ಅವರ ಕಣ್ಣು ತುಂಬಿತು. ನಾನು ಹೆಚ್ಚು ಹೆಚ್ಚು ಒಪ್ಪಿಕೊಂಡಂತೆಲ್ಲ ಹೆಚ್ಚು ಹೆಚ್ಚು ದೊಡ್ಡವನಾಗುತ್ತಿದ್ದೆ. ಇನ್ನೊಂದು ಘಳಿಗೆ ಬಿಟ್ಟಿದ್ದರೆ ಶಾಲು ಹೊದಿಸುತ್ತಿದ್ದರೋ ಏನೋ. ಒಂದು ಕ್ಷಣ, ಇದೂ ಚೆನ್ನಾಗಿದೆಯಲ್ಲ ಎಂದು ನನಗೆ ಅನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕೌಸಲ್ಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಪಾಟೀಲ್ ಗಾರು ಹೇಳುತ್ತಿರುವುದು ನಿಜ," ಎಂದರು ತೆಲುಗಿನಲ್ಲಿ. "ನಾನೇ ನೋಡಿದೆ. ಮರ ನನ್ನ ಮೇಲೆ ಬರುತ್ತಿತ್ತು, ಇವರು ನನಗೆ ಕೈ ಮುಗಿದು ನಿಂತಿದ್ದರು. ನಾನು ಹೋಗಿಯೇಬಿಟ್ಟೆ ಎಂದುಕೊಂಡು ಕೊನೆಯ ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಂಡೆ. ಇಷ್ಟು ದಿನ ಒಳಗೇ ಕೊರೆಯುತ್ತಿತ್ತು. ಕೂಗುವುದು ಬಿಟ್ಟು ಯಾರಾದರೂ ಹಾಗೆ ಬೀಳ್ಕೊಡುತ್ತಾರಾ?"

ನರ್ಸಿಂಗರಾವ್ ನನ್ನ ಕೈ ಬಿಟ್ಟರು. ಮೆಲ್ಲಗೆ ಬಿಟ್ಟರು. ರೈಲ್ವೆಯಲ್ಲಿ ವಿಚಾರಣೆಗೆ ಬಂದವರೆಲ್ಲ ಮೊದಲ ದಿನ ಹೇಳುತ್ತಿದ್ದದ್ದು 'ಜಾರಿತು' ಎನ್ನುವ ಇದೇ ಮಾತು ಎಂದರು. ಕನ್ನಡಕ ಹಾಕಿಕೊಂಡರು. ಕೌಸಲ್ಯಮ್ಮ ಮಾತ್ರ ಬಾಗಿಲವರೆಗೆ ಬಂದು, "ಆ ಮನುಷ್ಯ ಕೂಗದಿದ್ದರೆ ನಾನು ಇರುತ್ತಿರಲಿಲ್ಲ. ಅವನನ್ನೇ ನಮ್ಮವರು ಬೈದರು," ಎಂದರು. ಬೈದವರು ಗಂಡ ಎಂದರೂ ಅವರು ನೋಡಿದ್ದು ನನ್ನನ್ನೇ.

ಅಲ್ಲಿಂದ ಗೇಟಿಗೆ ಹೋದೆ. ವಾಚ್‌ಮನ್ ಮಲ್ಲೇಶನ ಕೋಣೆಯ ಗೋಡೆಗೆ ಒಂದು ಕರಿ ಹಲಗೆ. ಒಳಗೆ ಬಿಡಬಾರದವರ ಹೆಸರು ಅದರ ಮೇಲೆ. ಚಪ್ಪಲಿ ಕದಿಯುವವನೊಬ್ಬ, ನಕಲಿ ಗ್ಯಾಸ್ ತಪಾಸಣೆಯವನೊಬ್ಬ, ಮೂರನೆಯವನು ಯಾದಯ್ಯ. ನಾನು ಮಲ್ಲೇಶನಿಗೆ ನನ್ನ ಹರುಕು ತೆಲುಗಿನಲ್ಲಿ ನಡೆದದ್ದನ್ನು ಹೇಳತೊಡಗಿದೆ. ಅವನಿಗೆ ಅರ್ಥವಾಗಲಿಲ್ಲ. ಮಾಡಿ ತೋರಿಸಿ ಸಾರ್ ಎಂದ. ಗೇಟಿನ ಸರಪಳಿ ಹಿಡಿದು, ಬಿಟ್ಟು, ಕೈ ಮುಗಿದು ತೋರಿಸಿದೆ. ಅಷ್ಟರಲ್ಲಿ ಹಾಲಿನವನು ಬಂದ. ಮಲ್ಲೇಶ ಅವನಿಗಾಗಿ ಇನ್ನೊಮ್ಮೆ ತೋರಿಸಿ ಎಂದ. ತೋರಿಸಿದೆ. ಇಸ್ತ್ರಿಯವನು ಬಂದ. ಮೂರನೆಯ ಸಲ ನನ್ನ ಅಭಿನಯ ನನಗೇ ಸರಾಗವಾಗಿ ಬಂತು. ಯಾರೂ ನನ್ನನ್ನು ದೊಡ್ಡ ಮನುಷ್ಯ ಎನ್ನಲಿಲ್ಲ. ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲೇಶ ಒದ್ದೆ ಬಟ್ಟೆಯಿಂದ ಯಾದಯ್ಯನ ಹೆಸರು ಒರೆಸಿದ. ಹಲಗೆಯಲ್ಲಿ ಖಾಲಿಯಾದ ಜಾಗವನ್ನೂ ನನ್ನನ್ನೂ ಒಂದು ಸಲ ನೋಡಿದ. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅದು ಅವನ ಸೌಜನ್ಯ.

ಯಾದಯ್ಯ ಈಗ ಮತ್ತೆ ನಮ್ಮ ಕಾಲೊನಿಗೆ ಬರುತ್ತಾನೆ. ಕೌಸಲ್ಯಮ್ಮನೇ ಮೊದಲು ಕರೆಸಿ ತೆಂಗಿನ ಗರಿ ಇಳಿಸಿದರು. ನಾನು ಹೋಗಿ, ತಪ್ಪಾಯಿತು ಎಂದೆ. "ಇರ್ಲಿ ಸಾರ್," ಎಂದು ಮರ ಹತ್ತಿದ. ಇರಲಿ ಎಂದರೆ ಕ್ಷಮಿಸಿದ ಎಂದೋ, ದೂರ ನಿಲ್ಲಿ ಎಂದೋ, ನನಗೆ ಇನ್ನೂ ತಿಳಿದಿಲ್ಲ. ನಾನಂತೂ ದೂರವೇ ನಿಂತೆ.

ಹೋದ ವಾರ ಮೆಟ್ಟಿಲ ಮೇಲಿನ ದೀಪ ಸರಿಮಾಡಲು ಒಬ್ಬ ಹೊಸ ಎಲೆಕ್ಟ್ರಿಷಿಯನ್ ಬಂದ. ನಮ್ಮ ಮನೆಗೆ ಅದೇ ಮೊದಲು. ಏಣಿ ನಿಲ್ಲಿಸಿದ. ನಾನು ಮುಂದೆ ಹೋಗಿ ಏಣಿ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಒಂದು ಮೆಟ್ಟಿಲು ಹತ್ತಿದವನು, ಮನೆಯ ನಂಬರು ಇನ್ನೊಮ್ಮೆ ನೋಡಿ, ಕೆಳಗಿಳಿದ. "ಅಮ್ಮ ಮನೆಯಲ್ಲಿಲ್ಲವಾ ಸಾರ್?" ಎಂದು ವಿನಯದಿಂದ ಕೇಳಿದ. ಸುಮಂಗಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಏಣಿ ಹಿಡಿದಳು. ಅವನು ನಿಶ್ಚಿಂತೆಯಿಂದ ಹತ್ತಿದ. ಸುಮ್ಮನೆ ನಿಲ್ಲಲು ಮನಸ್ಸಾಗದೆ, ಹೊಸ ಬಲ್ಬನ್ನಾದರೂ ನಾನು ಎತ್ತಿ ಕೊಡಲೇ ಎಂದು ಕೇಳಿದೆ. ಅವನು ಮೇಲಿನಿಂದ ನನ್ನ ಎರಡೂ ಕೈ ನೋಡಿದ.

"ಬೇಡ ಸಾರ್," ಎಂದ. "ಗಾಜಿನದು."